ಸೋಲರಿಯದ ತಂಡದ ಊರಿನಲ್ಲಿ ನಾಲ್ಕು ದಿನ

ಮೊದಲ ದಿನ, ಗುರುವಾರ

ಮಗಳ ಮನೆಯಲ್ಲಿ ಒಂದು ತಿಂಗಳಿದ್ದು ಬರೋಣವೆಂದು ಧಾರವಾಡದಿಂದ ಮ್ಯಾಂಚೆಸ್ಟರಿಗೆ ಹೋದವನು, ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ನೋಡುವ ಅಲ್ಲಿನ ಎರಡು ದೊಡ್ಡ ಫುಟ್‌ಬಾಲ್ ಕ್ರೀಡಾಂಗಣಗಳನ್ನು ಬಿಟ್ಟು, ಸುಮಾರು 50 ಕಿಲೋಮೀಟರ್ ದೂರದ ಪ್ರೆಸ್ಟನ್ನಿಗೆ ಹೋಗಬೇಕೆಂದಾಗ ಮಗಳು ನಕ್ಕುಬಿಟ್ಟಳು. ಅಳಿಯ ನಗಲಿಲ್ಲ. ಅವನು ಪ್ರೆಸ್ಟನ್ನಿನಲ್ಲಿ ಎರಡು ವರ್ಷ ಓದಿದವನು. ಆ ಊರಿನ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬಿನ ಬಿಳಿ ಅಂಗಿ ಇಂದಿಗೂ ಅವನ ಕಪಾಟಿನಲ್ಲಿದೆ. ಇಂಗ್ಲೆಂಡಿನ ಮೊತ್ತಮೊದಲ ಲೀಗ್ ಪಂದ್ಯಾವಳಿಯನ್ನು ಒಂದೇ ಒಂದು ಪಂದ್ಯ ಸೋಲದೆ ಗೆದ್ದ ಆ ಕ್ಲಬ್ಬಿನ ಕಥೆಯನ್ನು ಅವನು ಫೋನಿನಲ್ಲಿ ಆಗೀಗ ತುಂಡುತುಂಡಾಗಿ ಹೇಳುತ್ತ ಬಂದಿದ್ದ. ಆದರೆ ನನ್ನ ಕುತೂಹಲ ಕೆರಳಿದ್ದು ಗೋಲುಗಳಿಂದಲ್ಲ. 34 ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವನು ನಾನು. ಆ ತಂಡವನ್ನು ಕಟ್ಟಿದ ಮನುಷ್ಯ ಕೊನೆಗೆ ಹಣ ದುರುಪಯೋಗದ ಅಪರಾಧಕ್ಕೆ ಜೈಲಿಗೆ ಹೋದನೆಂಬ ಮಾತು ಕಿವಿಗೆ ಬಿದ್ದಂದಿನಿಂದ ಆ ಊರನ್ನು ನೋಡಬೇಕೆಂಬ ಆಸೆ ನನ್ನಲ್ಲಿ ಕೂತುಬಿಟ್ಟಿತ್ತು.

ಪ್ರೆಸ್ಟನ್ನಿಗೆ ಹೊರಡುವ ಮೊದಲು ಮ್ಯಾಂಚೆಸ್ಟರಿನಲ್ಲೇ ಎರಡು ಜಾಗಗಳನ್ನು ನೋಡಬೇಕೆಂದು ಅಳಿಯ ಹೇಳಿದ. ಮೊದಲನೆಯದು ಪಿಕಡಿಲಿ ಗಾರ್ಡನ್ಸ್ ಎದುರಿನ ಒಂದು ಮೂಲೆ. ಅಲ್ಲಿದ್ದ ರಾಯಲ್ ಹೋಟೆಲ್ ಈಗಿಲ್ಲ. ಅದರ ಜಾಗದಲ್ಲಿ ನಿಂತ ಕಟ್ಟಡದ ಗೋಡೆಯ ಮೇಲೆ ಒಂದು ಫಲಕವಿದೆ. ನಿಂತು ಓದುತ್ತಿದ್ದ ನಮ್ಮನ್ನು ಟ್ರಾಮ್ ಹಿಡಿಯಲು ಧಾವಿಸುತ್ತಿದ್ದ ಜನ ಬಳಸಿಕೊಂಡು ಹೋದರು. 1888ರ ಏಪ್ರಿಲ್ 17ರಂದು ಈ ಹೋಟೆಲಿನಲ್ಲಿ ನಡೆದ ಸಭೆಯಲ್ಲಿಯೇ ಫುಟ್‌ಬಾಲ್ ಲೀಗ್ ಹುಟ್ಟಿದ್ದು. ಬರ್ಮಿಂಗ್‌ಹ್ಯಾಮಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ, ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮ್ಯಾಕ್‌ಗ್ರೆಗರ್ ಎಂಬ ಸ್ಕಾಟ್ಲೆಂಡಿನವನು ಈ ಯೋಜನೆಯನ್ನು ಮುಂದಿಟ್ಟವನು. ಅವನ ತಲೆನೋವು ವ್ಯಾಪಾರಿಯ ತಲೆನೋವೇ ಆಗಿತ್ತು. ಆಟಗಾರರಿಗೆ ವಾರವಾರ ಸಂಬಳ ಕೊಡುವುದು ಕಾನೂನುಬದ್ಧವಾಗಿ ಮೂರು ವರ್ಷ ಕೂಡ ಆಗಿರಲಿಲ್ಲ. ಆದರೆ ಪಂದ್ಯಗಳು ಮಾತ್ರ ಹಳೆಯ ಪದ್ಧತಿಯಂತೆ ಎದುರಾಳಿಗೆ ಮನಸ್ಸು ಬಂದರೆ ನಡೆಯುತ್ತಿದ್ದವು, ಇಲ್ಲದಿದ್ದರೆ ರದ್ದಾಗುತ್ತಿದ್ದವು. ಸಂಬಳ ನಿಶ್ಚಿತ, ಗೇಟಿನಲ್ಲಿ ಬರುವ ಹಣ ಅನಿಶ್ಚಿತ ಎಂದರೆ ಯಾವ ಅಂಗಡಿಯೂ ನಡೆಯಲಾರದು. ಹೀಗಾಗಿ 12 ಕ್ಲಬ್ಬುಗಳು ಸೇರಿ, ಪ್ರತಿಯೊಂದೂ ಉಳಿದ ಹನ್ನೊಂದರೊಡನೆ ತನ್ನ ಊರಿನಲ್ಲಿ ಒಮ್ಮೆ, ಅವರ ಊರಿನಲ್ಲಿ ಒಮ್ಮೆ ತಪ್ಪದೆ ಆಡತಕ್ಕದ್ದೆಂದು ಕರಾರು ಮಾಡಿಕೊಂಡವು. ಆರು ಕ್ಲಬ್ಬುಗಳು ಪ್ರೆಸ್ಟನ್ ಇರುವ ಲ್ಯಾಂಕಷೈರ್ ಸೀಮೆಯವು, ಆರು ಮಧ್ಯ ಇಂಗ್ಲೆಂಡಿನವು. ಲಂಡನ್ನಿನದು ಒಂದೂ ಇರಲಿಲ್ಲ. ಈ ಒಕ್ಕೂಟಕ್ಕೆ ಫುಟ್‌ಬಾಲ್ ಲೀಗ್ ಎಂಬ ಹೆಸರನ್ನು ಸೂಚಿಸಿದವನು ಪ್ರೆಸ್ಟನ್ನಿನ ವಿಲಿಯಂ ಸುಡೆಲ್. ಲೀಗಿನ ಮೊದಲ ಖಜಾಂಚಿಯೂ ಅವನೇ ಆದ. ನಾನು ಇಷ್ಟು ದೂರ ಹುಡುಕಿಕೊಂಡು ಬಂದ ಮನುಷ್ಯ ಇವನೇ.

ಎರಡನೆಯ ಜಾಗ, ವಿಕ್ಟೋರಿಯಾ ನಿಲ್ದಾಣದ ಹತ್ತಿರ ಗಾಜಿನ ಇಳಿಜಾರಿನಂತೆ ನಿಂತಿರುವ ಅರ್ಬಿಸ್ ಕಟ್ಟಡದಲ್ಲಿನ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯ. ಮ್ಯಾಂಚೆಸ್ಟರಿನ ನಿವಾಸಿಯಾದ್ದರಿಂದ ಮಗಳಿಗೆ ಪ್ರವೇಶ ಉಚಿತ, ನನಗೆ ಮಾತ್ರ ಟಿಕೀಟು. ಈ ಸಂಗ್ರಹಾಲಯ 2001ರಲ್ಲಿ ತೆರೆದದ್ದು ಪ್ರೆಸ್ಟನ್ನಿನಲ್ಲಿ, ನಾರ್ತ್ ಎಂಡ್ ಕ್ಲಬ್ಬಿನ ಡೀಪ್‌ಡೇಲ್ ಕ್ರೀಡಾಂಗಣದೊಳಗೇ. 2012ರಲ್ಲಿ ಅದು ಮ್ಯಾಂಚೆಸ್ಟರಿನಲ್ಲಿ ಬಾಗಿಲು ತೆರೆಯಿತು. ಈ ಮಾತನ್ನು ಹೇಳುವಾಗ ಅಳಿಯನ ಮುಖ, ಮನೆಯ ಹಳೆಯ ತೊಟ್ಟಿಲನ್ನು ಅಣ್ಣತಮ್ಮಂದಿರು ಹೊತ್ತೊಯ್ದ ಹಾಗೆ ಸಪ್ಪಗಾಯಿತು. ಒಳಗೆ ಕಂಚಿನ ಲಿಲಿ ಪಾರ್ ನಿಂತಿದ್ದಾಳೆ, 2019ರಲ್ಲಿ ಅನಾವರಣಗೊಂಡ ಪ್ರತಿಮೆ. ಅವಳೂ ಪ್ರೆಸ್ಟನ್ನಿನ ತಂಡದವಳೇ, ಆದರೆ ನಾರ್ತ್ ಎಂಡಿನವಳಲ್ಲ. ಅವಳ ವಿಷಯ ಭಾನುವಾರಕ್ಕೆ ಇಟ್ಟುಕೊಂಡೆವು.

ಎರಡನೆಯ ದಿನ, ಶುಕ್ರವಾರ

ಬೆಳಿಗ್ಗೆ ಹತ್ತರ ರೈಲು ರದ್ದಾಯಿತು. ಅದರ ಮುಂದಿನದರಲ್ಲಿ ಎರಡು ರೈಲಿನ ಜನ ತುಂಬಿಕೊಂಡರು. ಬೋಲ್ಟನ್‌ವರೆಗೆ ನಿಂತೇ ಹೋದೆವು. ಬೋಲ್ಟನ್ ಕೂಡ ಆ ಹನ್ನೆರಡರಲ್ಲಿ ಒಂದು. ಲೀಗಿನ ಮೊದಲ ಋತುವಿನ ಊರುಗಳು ಒಂದರ ಬೆನ್ನಿಗೆ ಇನ್ನೊಂದು ಎಷ್ಟು ಹತ್ತಿರ ಅಂಟಿಕೊಂಡಿವೆ ಎಂಬುದು ಈ ಸೀಮೆಯ ಹಳಿಗಳ ಮೇಲೆ ಹೋದರೆ ತಿಳಿಯುತ್ತದೆ: ಪ್ರೆಸ್ಟನ್, ಬ್ಲ್ಯಾಕ್‌ಬರ್ನ್, ಆಕ್ರಿಂಗ್ಟನ್, ಬರ್ನ್‌ಲಿ, ಬೋಲ್ಟನ್. ಎಲ್ಲವೂ ಹತ್ತಿ ಗಿರಣಿಯ ಊರುಗಳು. ಶನಿವಾರ ಮಧ್ಯಾಹ್ನ ಗಿರಣಿಯ ಭೋಂಗಾ ಆದ ಮೇಲೆ ಕೈಯಲ್ಲಿ ವಾರದ ಕೂಲಿ, ಮುಂದೆ ಅರ್ಧ ದಿನದ ಬಿಡುವು. ಆ ಬಿಡುವಿನ ಮೇಲೆಯೇ ಇಂಗ್ಲೆಂಡಿನ ಫುಟ್‌ಬಾಲ್ ಕಟ್ಟಿಕೊಂಡದ್ದು.

ಪ್ರೆಸ್ಟನ್ ರಿಬಲ್ ನದಿಯ ದಂಡೆಯ ಮೇಲಿನ ಊರು. 2002ರಲ್ಲಿ ನಗರದ ಪಟ್ಟ ಪಡೆಯಿತು. ನೂಲುವ ಯಂತ್ರದ ರಿಚರ್ಡ್ ಆರ್ಕ್‌ರೈಟ್ ಹುಟ್ಟಿದ್ದು ಇಲ್ಲಿಯೇ. ಲಾಂಛನದಲ್ಲಿ ಮಲಗಿದ ಕುರಿಮರಿ, ಅದರ ಕೆಳಗೆ ಎರಡು ಪಿ ಅಕ್ಷರಗಳು. ಅವುಗಳನ್ನು ಊರಿನವರು ‘ಪ್ರೌಡ್ ಪ್ರೆಸ್ಟನ್’ ಎಂದು ಬಿಡಿಸಿ ಹೇಳುತ್ತಾರೆ. ಕ್ಲಬ್ಬಿನ ಅಂಗಿಯ ಮೇಲಿರುವುದೂ ಇದೇ ಕುರಿಮರಿ. ಇಲ್ಲಿ 20 ವರ್ಷಕ್ಕೊಮ್ಮೆ ಗಿಲ್ಡ್ ಎಂಬ ಹಬ್ಬ ನಡೆಯುತ್ತದೆ. ಕಳೆದದ್ದು 2012ರಲ್ಲಿ, ಮುಂದಿನದು 2032ರಲ್ಲಿ. ಅಪರೂಪಕ್ಕೆ ನಡೆಯುವ ಸಂಗತಿಗೆ ಈ ಸೀಮೆಯವರು ‘ಪ್ರೆಸ್ಟನ್ ಗಿಲ್ಡಿಗೊಮ್ಮೆ’ ಎನ್ನುತ್ತಾರಂತೆ. ಶ್ರವಣಬೆಳಗೊಳದ ಮಸ್ತಕಾಭಿಷೇಕಕ್ಕಿಂತಲೂ ಎಂಟು ವರ್ಷ ಹೆಚ್ಚು ಕಾಯಿಸುವ ಹಬ್ಬ.

ಮಧ್ಯಾಹ್ನದ ಹೊತ್ತಿಗೆ ಮೂರ್ ಪಾರ್ಕ್ ತಲುಪಿದೆವು. ಕ್ಲಬ್ಬಿನ ಹೆಸರು ಹುಟ್ಟಿದ್ದು ಇಲ್ಲಿ. 1863ರಲ್ಲಿ ನದಿಯ ಬದಿಯ ಬಯಲಿನಲ್ಲಿ ಕ್ರಿಕೆಟ್ ಆಡಲು ಕಟ್ಟಿಕೊಂಡ ಒಂದು ಕ್ಲಬ್ಬು ಅದೇ ವರ್ಷ ಊರಿನ ಉತ್ತರದ ತುದಿಗಿರುವ ಈ ಮಾಳಕ್ಕೆ ಬಂದು, ತನ್ನನ್ನು ‘ನಾರ್ತ್ ಎಂಡ್’, ಅಂದರೆ ಬಡಗಣ ತುದಿ, ಎಂದು ಕರೆದುಕೊಂಡಿತು. ನಮ್ಮ ಕಡೆ ಮ್ಯಾಲಿನ ಓಣಿ ಹುಡುಗರ ಸಂಘ ಎಂದ ಹಾಗೆ. ಉದ್ಯಾನದೊಳಗಿನ ಕೆರೆ, ದಿಬ್ಬ, ಸಾಲುಮರಗಳ ದಾರಿ ಯಾವುದೂ ತನ್ನಿಂತಾನೇ ಆದದ್ದಲ್ಲ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಹಡಗುಗಳು ನಿಂತುಹೋಗಿ, ಲ್ಯಾಂಕಷೈರಿನ ಗಿರಣಿಗಳಿಗೆ ಬೀಗ ಬಿದ್ದು, ಸಾವಿರಾರು ಕೆಲಸಗಾರರು ಗಂಜಿಗೆ ಕ್ಯೂ ನಿಂತಿದ್ದ ಕಾಲದಲ್ಲಿ, ನಮ್ಮ ಬರಗಾಲದ ಕಾಮಗಾರಿಗಳಂತೆ, ಆ ನಿರುದ್ಯೋಗಿಗಳ ಕೈಗೆ ಗುದ್ದಲಿ ಕೊಟ್ಟು ಮಾಡಿಸಿದ ಕೆಲಸ ಇದು.

ಇಲ್ಲಿಗೆ ಬಂದಾಗ ಧಾರವಾಡದವನಿಗೆ ಸುಮ್ಮನಿರಲು ಆಗುವುದಿಲ್ಲ. ಇದೇ ಜನರ ಗಿರಣಿಗಳಿಗೆ ಹತ್ತಿ ಒದಗಿಸಬೇಕೆಂಬ ಮ್ಯಾಂಚೆಸ್ಟರ್ ವ್ಯಾಪಾರಿಗಳ ಒತ್ತಾಯದ ಮೇಲೆಯೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದು, ಕಾರವಾರದ ಬಂದರನ್ನು ಬೆಳೆಸಲು ಹೊರಟದ್ದು, ಹುಬ್ಬಳ್ಳಿಯಿಂದ ಘಟ್ಟ ಇಳಿಯುವ ಗಾಡಿದಾರಿಗಳಿಗೆ ಹಣ ಸುರಿದದ್ದು. ನ್ಯೂ ಆರ್ಲಿಯನ್ಸಿನ ಬೀಜದಿಂದ ನಮ್ಮ ಎರೆಭೂಮಿಯಲ್ಲಿ ಬೆಳೆದ ಹತ್ತಿ ಇಲ್ಲಿನ ಪೇಟೆಯಲ್ಲಿ ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಿಂದಲೇ ಮಾರಾಟವಾಗುತ್ತಿತ್ತು. ನಮ್ಮವರು ಅದನ್ನು ವಿಲಾಯತಿ ಹತ್ತಿ ಎಂದು ಕರೆದು, ಜವಾರಿ ಹತ್ತಿಯಿಂದ ಬೇರೆ ಇಡುತ್ತಿದ್ದರು. ಆ ನಾಲ್ಕು ವರ್ಷ ಹತ್ತಿಯ ಬೆಲೆ ನಮ್ಮಲ್ಲಿ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಕುಸಿಯಿತು. ಇಲ್ಲಿ ಗುದ್ದಲಿ ಹಿಡಿದವನ ಕಷ್ಟಕ್ಕೂ ಅಲ್ಲಿ ನವಲಗುಂದದ ರೈತನ ಸುಗ್ಗಿಗೂ ಒಂದೇ ದಾರ. ಕೆರೆಯ ದಂಡೆಯ ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ಹೇಳಿದೆ. ಅಳಿಯ ಬಾತುಕೋಳಿಗಳನ್ನು ನೋಡುತ್ತ, “ಮಾವಾರ, ಇದು ನನಗ ಗೊತ್ತೇ ಇರಲಿಲ್ರೀ” ಎಂದ.

1875ರ ಜನವರಿಯಲ್ಲಿ ಕ್ಲಬ್ಬು ಉದ್ಯಾನದ ಎದುರಿನ ಡೀಪ್‌ಡೇಲ್ ಎಂಬ ಹೊಲವನ್ನು ಗುತ್ತಿಗೆ ಹಿಡಿಯಿತು. ಕ್ರಿಕೆಟ್ಟಿನಿಂದ ಹಣ ಹುಟ್ಟಲಿಲ್ಲ. ರಗ್ಬಿ ಆಡಿ ನೋಡಿದರು, ಅದೂ ಕೈಹಿಡಿಯಲಿಲ್ಲ. 1878ರ ಅಕ್ಟೋಬರಿನಲ್ಲಿ ಮೊದಲ ಫುಟ್‌ಬಾಲ್ ಪಂದ್ಯ ಆಡಿ ಒಂದು ಗೋಲಿನಿಂದ ಸೋತರು. 1880ರ ಮೇ ತಿಂಗಳಲ್ಲಿ ಇನ್ನು ಮುಂದೆ ಇದೇ ನಮ್ಮ ಆಟ ಎಂದು ನಿರ್ಣಯ ಮಾಡಿದರು. ಮರುವರ್ಷ ನೆರೆಯ ಬ್ಲ್ಯಾಕ್‌ಬರ್ನ್ ರೋವರ್ಸ್ ಬಂದು 16 ಗೋಲು ಹೊಡೆದು ಹೋಯಿತು. ಅಂಥ ತಂಡವನ್ನು ಎಂಟೇ ವರ್ಷಗಳಲ್ಲಿ ಸೋಲರಿಯದ ತಂಡವನ್ನಾಗಿ ಮಾಡಿದವನು ಸುಡೆಲ್. ಅವನು ಗಿರಣಿಯೊಂದರ ವ್ಯವಸ್ಥಾಪಕ. ಗಿರಣಿಗೆ ಒಳ್ಳೆಯ ನೇಕಾರನನ್ನು ಹುಡುಕುವ ಕಣ್ಣಿನಿಂದಲೇ ಅವನು ಸ್ಕಾಟ್ಲೆಂಡಿಗೆ ಹೋಗಿ ಆಟಗಾರರನ್ನು ಹುಡುಕಿ ತಂದ. ಅಲ್ಲಿನವರು ಚೆಂಡನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಆಡುವುದರಲ್ಲಿ ನಿಪುಣರು. ಆಗಿನ ಇಂಗ್ಲಿಷ್ ಆಟಗಾರರದು ಚೆಂಡು ಸಿಕ್ಕವನು ತಲೆ ಬಗ್ಗಿಸಿಕೊಂಡು ನುಗ್ಗುವ ಆಟ. ಬಂದವರಿಗೆ ಊರಿನಲ್ಲಿ ಹೆಸರಿಗೊಂದು ನೌಕರಿ, ನಿಜವಾದ ಸಂಬಳ ಕಾಲಿಗೆ.

ಆ ಕಾಲದ ನಿಯಮದಂತೆ ಇದು ಅಪರಾಧ. ಆಡಲು ಹೋದ ದಿನ ಕಳೆದುಕೊಂಡ ಕೂಲಿ ಮತ್ತು ಪ್ರಯಾಣದ ಖರ್ಚನ್ನು ಮಾತ್ರ ಕೊಡಬಹುದಾಗಿತ್ತು. ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ನಿನಲ್ಲಿ ಕುಳಿತವರು ಅಪ್ಪನ ಆಸ್ತಿಯ ಮೇಲೆ ಆಡಬಲ್ಲ ಮನೆತನದವರು. ಹಣಕ್ಕಾಗಿ ಆಡುವುದು ಅವರ ದೃಷ್ಟಿಯಲ್ಲಿ ಹೊಲಸು. 1884ರ ಜನವರಿಯಲ್ಲಿ ಆ ಅಸೋಸಿಯೇಷನ್ ನಡೆಸುವ ಎಫ್‌ಎ ಕಪ್ ಪಂದ್ಯಾವಳಿಗಾಗಿ ಡೀಪ್‌ಡೇಲಿನಲ್ಲಿ ಆಡಿ ಸಮ ಮಾಡಿಕೊಂಡ ಲಂಡನ್ನಿನ ಅಪ್ಟನ್ ಪಾರ್ಕ್ ತಂಡ, ಪ್ರೆಸ್ಟನ್ನಿನವರು ಸಂಬಳದ ಆಟಗಾರರನ್ನು ಆಡಿಸಿದ್ದಾರೆಂದು ದೂರು ಕೊಟ್ಟಿತು. ಉಳಿದ ಕ್ಲಬ್ಬುಗಳಾಗಿದ್ದರೆ ಸುಳ್ಳು ಲೆಕ್ಕ ತೋರಿಸಿ ತಪ್ಪಿಸಿಕೊಳ್ಳುತ್ತಿದ್ದವು. ಸುಡೆಲ್ ಸಂಬಳ ಕೊಡುವುದು ನಿಜವೆಂದು ಒಪ್ಪಿಕೊಂಡ. ಎಲ್ಲರೂ ಕೊಡುತ್ತಾರೆಂಬುದನ್ನೂ ಸೇರಿಸಿದ. ಪ್ರೆಸ್ಟನ್ ಆ ವರ್ಷದ ಕಪ್ಪಿನಿಂದ ಹೊರಬಿತ್ತು. ಉತ್ತರದ ಕ್ಲಬ್ಬುಗಳು ಬೇರೆ ಸಂಘವನ್ನೇ ಕಟ್ಟುತ್ತೇವೆಂದು ಹೆದರಿಸಿದ ಮೇಲೆ, 1885ರ ಜುಲೈನಲ್ಲಿ ಸಂಬಳದ ಆಟಕ್ಕೆ ಒಪ್ಪಿಗೆ ಸಿಕ್ಕಿತು. ಇಂದು ಜಗತ್ತಿನಲ್ಲಿ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆಯುವ ಪ್ರತಿಯೊಬ್ಬನೂ ಈ ಗಿರಣಿ ವ್ಯವಸ್ಥಾಪಕನ ಋಣದಲ್ಲಿದ್ದಾನೆ ಎಂದರೆ ಅತಿಶಯೋಕ್ತಿಯಲ್ಲ.

ಮುಂದಿನದು ಅಂಕಿಗಳ ಹಬ್ಬ. 1887ರ ಅಕ್ಟೋಬರ್ 15ರಂದು ಹೈಡ್ ತಂಡದ ಮೇಲೆ 26–0; ಎಫ್‌ಎ ಕಪ್ಪಿನಲ್ಲಿ ಇಂದಿಗೂ ಇದೇ ದಾಖಲೆ. 1888ರ ಅಂತಿಮ ಪಂದ್ಯಕ್ಕೆ ಹೋದಾಗ, ಅಂಗಿ ಕೊಳೆಯಾಗುವ ಮೊದಲೇ ಕಪ್ಪಿನ ಜೊತೆ ಫೋಟೋ ತೆಗೆಸಿಕೊಳ್ಳೋಣವೆಂದು ಕೇಳಿದರಂತೆ; ಮೊದಲು ಗೆಲ್ಲಿರಿ ಎಂದು ರೆಫರಿ ಮೇಜರ್ ಮರಿಂಡಿನ್ ಹೇಳಿದನಂತೆ; ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ 2–1ರಿಂದ ಗೆದ್ದುಕೊಂಡಿತು. ಲೀಗಿನ ಮೊದಲ ಋತುವಿನಲ್ಲಿ, 1888ರ ಸೆಪ್ಟೆಂಬರ್ 8ರಂದು ಡೀಪ್‌ಡೇಲಿನಲ್ಲಿ ಬರ್ನ್‌ಲಿಯನ್ನು 5–2ರಿಂದ ಸೋಲಿಸಿದಲ್ಲಿಂದ ಹಿಡಿದು ಕೊನೆಯವರೆಗೆ 22 ಪಂದ್ಯಗಳಲ್ಲಿ 18 ಗೆಲುವು, 4 ಸಮ, ಸೋಲು ಸೊನ್ನೆ. ಹೊಡೆದ ಗೋಲು 74, ಬಿಟ್ಟುಕೊಟ್ಟದ್ದು 15. ಅಂಕ 40, ಎರಡನೆಯ ಸ್ಥಾನದ ಆಸ್ಟನ್ ವಿಲ್ಲಾಕ್ಕೆ 29. ಅದೇ ಋತುವಿನ ಎಫ್‌ಎ ಕಪ್ಪನ್ನು ಒಂದು ಗೋಲನ್ನೂ ಬಿಟ್ಟುಕೊಡದೆ ಗೆದ್ದರು. 1889ರ ಮಾರ್ಚ್ 30ರಂದು ಲಂಡನ್ನಿನ ಓವಲ್‌ನಲ್ಲಿ, ನಮಗೆ ಕ್ರಿಕೆಟ್ಟಿನಿಂದ ಪರಿಚಿತವಾದ ಅದೇ ಓವಲ್‌ನಲ್ಲಿ, ವುಲ್ವರ್‌ಹ್ಯಾಂಪ್ಟನ್ ತಂಡವನ್ನು 3–0ರಿಂದ ಸೋಲಿಸಿದರು. ಮರುವರ್ಷವೂ ಲೀಗ್ ಗೆದ್ದರು. ಆಮೇಲೆ ಮೂರು ವರ್ಷ ಸತತ ಎರಡನೆಯ ಸ್ಥಾನ. ಅಂದಿನಿಂದ ಇಂದಿನವರೆಗೆ ಪ್ರೆಸ್ಟನ್ ಇಂಗ್ಲೆಂಡಿನ ಚಾಂಪಿಯನ್ ಆಗಿಲ್ಲ.

ಈ ಹಣವೆಲ್ಲ ಎಲ್ಲಿಂದ ಬಂತು? ಗೇಟಿನ ಹುಟ್ಟುವಳಿಯಿಂದ ಇಂಥ ತಂಡವನ್ನು ಸಾಕಲು ಆಗುತ್ತಿರಲಿಲ್ಲ. 1893ರಲ್ಲಿ ಕ್ಲಬ್ಬು ಷೇರು ಕಂಪನಿಯಾಗಿ ಸುಡೆಲ್‌ನ ಕೈ ತಪ್ಪಿತು. 1895ರಲ್ಲಿ ಅವನು ಗಿರಣಿಯ ಹಣವನ್ನು ದುರುಪಯೋಗ ಮಾಡಿಕೊಂಡ ಅಪರಾಧಕ್ಕೆ ಮೂರು ವರ್ಷದ ಶಿಕ್ಷೆಗೆ ಗುರಿಯಾದ. ಬಿಡುಗಡೆಯಾದ ಮೇಲೆ ದಕ್ಷಿಣ ಆಫ್ರಿಕಕ್ಕೆ ಹೋಗಿ, 1911ರಲ್ಲಿ ಅಲ್ಲಿಯೇ ತೀರಿಕೊಂಡ. ನನ್ನ ನೌಕರಿಯ ಕಾಲದಲ್ಲಿ ಇಂಥ ಇಬ್ಬರನ್ನು ನಾನೂ ಕಂಡಿದ್ದೇನೆ. ಹಣವನ್ನು ಮನೆಗೆ ಒಯ್ಯದೆ, ತಮಗೆ ದೊಡ್ಡದೆನಿಸಿದ ಯಾವುದೋ ಕೆಲಸಕ್ಕೆ ಇನ್ನೊಬ್ಬರ ಖಾತೆಯಿಂದ ತೆಗೆದುಕೊಟ್ಟವರು. ತಪಾಸಣೆಗೆ ಕೂತವನಿಗೆ ಅವರ ಮೇಲೆ ಸಿಟ್ಟು ಬರುವುದೇ ಕಷ್ಟ, ಆದರೂ ವರದಿಯಲ್ಲಿ ಬರೆಯದೆ ವಿಧಿಯಿಲ್ಲ. ಆಟಗಾರನಿಗೆ ಹಣ ಕೊಡುತ್ತೇನೆಂದು ಲಂಡನ್ನಿನಲ್ಲಿ ನಿಂತು ಎದೆಯುಬ್ಬಿಸಿ ಹೇಳಿದವನು, ಆ ಹಣ ಯಾರದೆಂಬುದನ್ನು ತನ್ನ ಗಿರಣಿಯಲ್ಲಿ ಹೇಳದೆ ಹೋದ.

ಮೂರನೆಯ ದಿನ, ಶನಿವಾರ

ಪಂದ್ಯದ ದಿನ. ಕ್ರೀಡಾಂಗಣದ ಮುಂದಿನ ರಸ್ತೆಯ ಹೆಸರೇ ಸರ್ ಟಾಮ್ ಫಿನ್ನಿ ವೇ. ಮೊದಲು ಕಣ್ಣಿಗೆ ಬೀಳುವುದು ‘ಸ್ಪ್ಲ್ಯಾಶ್’ ಎಂಬ ಪ್ರತಿಮೆ. 1956ರಲ್ಲಿ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನದಲ್ಲಿ, ಮಳೆನೀರು ನಿಂತ ಅಂಗಳದಲ್ಲಿ ಚೆಂಡಿನ ಬೆನ್ನುಹತ್ತಿ ಜಾರಿದ, ಈ ಕ್ಲಬ್ಬಿನ ಆಟಗಾರ ಫಿನ್ನಿಯ ಒಂದು ಛಾಯಾಚಿತ್ರ ಬಹು ಪ್ರಸಿದ್ಧ. ಪೀಟರ್ ಹಾಜ್‌ಕಿನ್‌ಸನ್ ಅದನ್ನೇ ಶಿಲ್ಪವಾಗಿಸಿದ್ದಾರೆ, 2004ರಲ್ಲಿ ಅದು ಅನಾವರಣಗೊಂಡಿತು. ಒಂದು ಕಾಲು ಮುಂದೆ ಚಾಚಿ, ಇನ್ನೊಂದನ್ನು ಮಡಿಚಿ, ದೇಹವನ್ನೆಲ್ಲ ಒಂದು ಕಡೆಗೆ ವಾಲಿಸಿದ್ದಾನೆ. ಅವನ ಬದಿಯಿಂದ ನಿಜವಾದ ನೀರು ಚಿಮ್ಮುತ್ತದೆ. ಹತ್ತಿರ ಹೋಗಿ ನೋಡಿದರೆ ಮುಖದಲ್ಲಿ ಗಾಬರಿಯಿಲ್ಲ; ಕೊಳಾಯಿ ಸೋರುವ ಜಾಗವನ್ನು ಹುಡುಕುವವನ ಗಮನವಿದೆ. ಫಿನ್ನಿ ಕೊಳಾಯಿ ಕೆಲಸದವನೇ ಆಗಿದ್ದರಿಂದ ನನಗೆ ಹಾಗೆನಿಸಿರಬಹುದು.

1922ರಲ್ಲಿ ಡೀಪ್‌ಡೇಲಿನಿಂದ ಕೂಗಳತೆಯ ಮನೆಯೊಂದರಲ್ಲಿ ಹುಟ್ಟಿದ ಈ ಸಣಕಲು ಹುಡುಗನನ್ನು ಕ್ಲಬ್ಬು ಕರೆದಾಗ, ಮೊದಲು ಪ್ಲಂಬಿಂಗ್ ಕೆಲಸ ಕಲಿತು ಮುಗಿಸಲಿ ಎಂದು ತಂದೆ ಪಟ್ಟು ಹಿಡಿದ. ಅಷ್ಟರಲ್ಲಿ ಯುದ್ಧ ಬಂತು. ಈಜಿಪ್ಟ್, ಇಟಲಿಗಳಲ್ಲಿ ಸೈನ್ಯದಲ್ಲಿದ್ದು ಬಂದು 1946ರಲ್ಲಿ ಲೀಗ್ ಆಡತೊಡಗಿದಾಗ ಅವನಿಗೆ 24 ವರ್ಷ. 1960ರವರೆಗೆ ಈ ಒಂದೇ ಕ್ಲಬ್ಬಿಗೆ 433 ಲೀಗ್ ಪಂದ್ಯ, 187 ಗೋಲು. ಇಂಗ್ಲೆಂಡಿಗಾಗಿ 76 ಪಂದ್ಯ, 30 ಗೋಲು. ಒಮ್ಮೆಯೂ ರೆಫರಿಯ ಪುಸ್ತಕದಲ್ಲಿ ಹೆಸರು ಬರೆಸಿಕೊಂಡವನಲ್ಲ. ದೊಡ್ಡ ಕಪ್ಪು ಒಂದನ್ನೂ ಗೆದ್ದವನೂ ಅಲ್ಲ; 1954ರ ಎಫ್‌ಎ ಕಪ್ ಅಂತಿಮ ಪಂದ್ಯದಲ್ಲಿ ಮತ್ತೆ ಅದೇ ವೆಸ್ಟ್ ಬ್ರಾಮ್‌ವಿಚ್ 3–2ರಿಂದ ಗೆದ್ದುಕೊಂಡಿತು. ಇದೇ ಊರಿನವರು ಬಹಿರಂಗವಾಗಿ ಒಪ್ಪಿಕೊಂಡ ಸಂಬಳದ ಆಟಕ್ಕೆ ಆಗ ಲೀಗೇ ಗರಿಷ್ಠ ಮಿತಿ ಹಾಕಿತ್ತು. 1958ರಲ್ಲಿ ಹೆಚ್ಚಿಸಿದ ಮೇಲೂ ಅದು ವಾರಕ್ಕೆ 20 ಪೌಂಡು. ದೇಶದ ಅತ್ಯುತ್ತಮ ಆಟಗಾರನಿಗೂ ಅಷ್ಟೇ, ಮೂಲೆಯಲ್ಲಿ ಕುಳಿತವನಿಗೂ ಗರಿಷ್ಠ ಅಷ್ಟೇ. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ಬು 10,000 ಪೌಂಡು, ತಿಂಗಳಿಗೆ 130 ಪೌಂಡು, ಬಂಗಲೆ, ಕಾರು ಎಲ್ಲ ಕೊಡುತ್ತೇವೆಂದು ಕರೆದಾಗ ಪ್ರೆಸ್ಟನ್ನಿನ ಆಡಳಿತ ಮಂಡಳಿ ಮಾತನ್ನೇ ಬೆಳೆಸಲಿಲ್ಲ. ಫಿನ್ನಿ ತನ್ನ ಪ್ಲಂಬಿಂಗ್ ವ್ಯವಹಾರವನ್ನೂ ನೋಡಿಕೊಂಡು ಆಡುತ್ತಲೇ ಹೋದ. ಅವನು ನಿವೃತ್ತನಾದ ಮರುವರ್ಷ, 1961ರ ಜನವರಿಯಲ್ಲಿ, ಆ ಮಿತಿ ರದ್ದಾಯಿತು. ಅದೇ ಋತುವಿನಲ್ಲಿ ಪ್ರೆಸ್ಟನ್ ಮೊದಲ ದರ್ಜೆಯಿಂದ ಕೆಳಗಿಳಿಯಿತು. ಮತ್ತೆ ಮೇಲೆ ಹತ್ತಿಲ್ಲ.

ಒಳಗೆ ಹೋಗುವ ಮುನ್ನ ಬಟರ್ ಪೈ ತಿನ್ನಲೇಬೇಕೆಂದು ಅಳಿಯನ ಆಜ್ಞೆ. ಶುಕ್ರವಾರ ಮಾಂಸ ಮುಟ್ಟದ ಇಲ್ಲಿನ ಕ್ಯಾಥೊಲಿಕರಿಗಾಗಿ ಹುಟ್ಟಿದ ತಿನಿಸು ಇದು. ಅವರ ಏಕಾದಶಿಯ ಫರಾಳ ಎನ್ನಬಹುದು. ಹಿಟ್ಟಿನಲ್ಲಿ ಪ್ರಾಣಿಯ ಕೊಬ್ಬು ಇಲ್ಲವೆಂದು ವಿಚಾರಿಸಿ ಖಾತ್ರಿ ಮಾಡಿಕೊಂಡು ಎರಡು ತಂದ. ಅಂಗೈಯಗಲದ ದುಂಡನೆಯ ಮುಚ್ಚಿದ ಬಟ್ಟಲು. ಅಂಚು ಗರಿಗರಿ, ನಡುವೆ ಹಬೆ ಹೋಗಲು ಸಣ್ಣ ತೂತು. ಮುರಿದರೆ ಒಳಗೆ ಬಿಲ್ಲೆಬಿಲ್ಲೆಯಾಗಿ ಹೆಚ್ಚಿದ ಆಲೂಗಡ್ಡೆ, ಕರಗಿಹೋದ ಉಳ್ಳಾಗಡ್ಡಿ, ಬೆಣ್ಣೆ, ಮೆಣಸಿನಪುಡಿ. ಒಗ್ಗರಣೆ ಕಾಣದ ಆಲೂ ಪಲ್ಯ. ಮೊದಲ ತುತ್ತಿಗೇ ನಾಲಿಗೆ ಸುಟ್ಟಿತು, ಎರಡನೆಯದಕ್ಕೆ ಚಳಿ ಹೋಯಿತು. ನನ್ನ ಚೀಲದಲ್ಲಿದ್ದ ಶೇಂಗಾ ಚಟ್ನಿಪುಡಿಯನ್ನು ಅದರ ಮೇಲೆ ಉದುರಿಸಿದಾಗ ಪಕ್ಕದ ಹಿರಿಯರೊಬ್ಬರು ಆಸೆಯಿಂದಲೇ ನೋಡಿದರು. ಅವರಿಗೂ ಚಿಟಿಕೆ ಕೊಟ್ಟೆ.

ಡೀಪ್‌ಡೇಲಿನ ನಾಲ್ಕು ಕಟ್ಟೆಗಳಿಗೆ ಕ್ಲಬ್ಬಿನ ಚರಿತ್ರೆಯ ಹೆಸರುಗಳಿವೆ. ಕುರ್ಚಿಗಳ ಬಣ್ಣ ಬದಲಿಸಿ ಮೂರು ಕಡೆ ಮುಖಗಳನ್ನು ಮೂಡಿಸಿದ್ದಾರೆ: ಫಿನ್ನಿ, ಗೋಲ್‌ಕೀಪರ್ ಅಲನ್ ಕೆಲಿ, ಮತ್ತು ಬಿಲ್ ಶ್ಯಾಂಕ್ಲಿ. ಲಿವರ್‌ಪೂಲಿನ ಮಹಾಗುರುವಾಗುವ ಮೊದಲು ಶ್ಯಾಂಕ್ಲಿ 1933ರಿಂದ 1949ರವರೆಗೆ ಇಲ್ಲಿನ ಆಟಗಾರ. 1938ರಲ್ಲಿ ಹಡರ್ಸ್‌ಫೀಲ್ಡಿನ ಮೇಲೆ ಹೆಚ್ಚುವರಿ ಅವಧಿಯ ಕೊನೆಯ ನಿಮಿಷದಲ್ಲಿ ಜಾರ್ಜ್ ಮಚ್ ಹೊಡೆದ ಪೆನಾಲ್ಟಿಯಿಂದ ಎಫ್‌ಎ ಕಪ್ ಗೆದ್ದ ತಂಡದಲ್ಲಿ ಅವನಿದ್ದ. ನಾಲ್ಕನೆಯದು ಸೋಲರಿಯದವರ ಹೆಸರಿನ ಇನ್‌ವಿನ್ಸಿಬಲ್ಸ್ ಕಟ್ಟೆ. 1886–87ರಲ್ಲಿ ಇಲ್ಲಿ ಗೋಲು ಕಾಯ್ದ ಆರ್ಥರ್ ವಾರ್ಟನ್‌ನ ಮುಖವೂ ಒಂದು ಇದ್ದಿದ್ದರೆ ಎನಿಸಿತು. ಅಕ್ರಾದಲ್ಲಿ ಹುಟ್ಟಿ, ಮುಂದೆ ಸಂಬಳ ಪಡೆದು ಆಡಿದ ಮೊದಲ ಕಪ್ಪು ಆಟಗಾರನೆನಿಸಿದ ಅವನು 1930ರಲ್ಲಿ ಬಡತನದಲ್ಲಿ ಸತ್ತಾಗ ಸಮಾಧಿಗೊಂದು ಕಲ್ಲೂ ಇರಲಿಲ್ಲ, 1997ರಲ್ಲಿ ಹಾಕಿದರು.

ಎರಡನೆಯ ದರ್ಜೆಯ ಚಾಂಪಿಯನ್‌ಷಿಪ್ಪಿನ ಆ ಪಂದ್ಯ ಗೋಲಿಲ್ಲದೆ ಮುಗಿಯಿತು. ಅದರ ಬಗ್ಗೆ ಹೆಚ್ಚು ಬರೆಯುವುದು ಆಟಗಾರರಿಗೂ ಅನ್ಯಾಯ, ಓದುಗರಿಗೂ ಅನ್ಯಾಯ. ಚಟ್ನಿಪುಡಿ ತಿಂದ ಹಿರಿಯರು ಮಾತ್ರ ಅಲುಗಾಡದೆ ಕೂತಿದ್ದರು. ಇದಕ್ಕಿಂತ ಕೆಟ್ಟ ಕಾಲವನ್ನು ಕಂಡವರಂತೆ ಅವರು. 1986ರಲ್ಲಿ ಕ್ಲಬ್ಬು ನಾಲ್ಕನೆಯ ದರ್ಜೆಯಲ್ಲಿ ಕೊನೆಯಿಂದ ಎರಡನೆಯದು. 92 ಕ್ಲಬ್ಬುಗಳಲ್ಲಿ 91ನೆಯದು. ಆಗಿನ ನಿಯಮದಂತೆ, ಲೀಗಿಗೆ ಹೆಸರು ಕೊಟ್ಟ ಕ್ಲಬ್ಬೇ ಲೀಗಿನಲ್ಲಿ ಉಳಿಸಿಕೊಳ್ಳಿರೆಂದು ಉಳಿದವರ ಮತ ಕೇಳಬೇಕಾಯಿತು. ಅದೇ ವರ್ಷ ಹುಲ್ಲು ಕಿತ್ತು ಪ್ಲಾಸ್ಟಿಕ್ ಹಾಸಿದರು. 1994ರವರೆಗೆ ಅದರ ಮೇಲೆಯೇ ಆಟ. ಬಿದ್ದವರ ಮೊಣಕಾಲು ಹೇಗೆ ತರಚುತ್ತಿತ್ತೆಂದು ಹಿರಿಯರು ತಮ್ಮ ಮೊಣಕಾಲನ್ನೇ ತಟ್ಟಿ ತೋರಿಸಿದರು. ಹುಲ್ಲು ಮರಳಿ ಬಂದ ಮೇಲೆ, 1995ರಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ಡಿನಿಂದ ಕೆಲವು ವಾರಕ್ಕೆ ಎರವಲು ಬಂದ ಹುಡುಗನೊಬ್ಬ ಮೊದಲ ಪಂದ್ಯದಲ್ಲೇ ಕಾರ್ನರ್ ಕಿಕ್ಕನ್ನು ನೇರ ಗೋಲಿಗೆ ಬಾಗಿಸಿದ. ಹೆಸರು ಡೇವಿಡ್ ಬೆಕ್‌ಹ್ಯಾಮ್.

ನಾಲ್ಕನೆಯ ದಿನ, ಭಾನುವಾರ

ರಾತ್ರಿ ಪ್ರೆಸ್ಟನ್ನಿನಲ್ಲೇ ತಂಗಿ, ಬೆಳಿಗ್ಗೆ ಸ್ಟ್ರ್ಯಾಂಡ್ ರೋಡಿನ ಕಡೆಗೆ ನಡೆದೆವು. ಉದ್ದನೆಯ ಇಟ್ಟಿಗೆ ಗೋಡೆಯ ಈ ರಸ್ತೆಯಲ್ಲಿ ಡಿಕ್, ಕೆರ್ ಕಂಪನಿಯ ಕಾರ್ಖಾನೆಯಿತ್ತು. ಟ್ರಾಮ್ ಬಂಡಿಗಳನ್ನು ಮಾಡುತ್ತಿದ್ದ ಅದು ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿಗೆ ತಿರುಗಿತು, ಗಂಡಸರ ಜಾಗಕ್ಕೆ ಹೆಂಗಸರು ಬಂದರು. ಊಟದ ಬಿಡುವಿನಲ್ಲಿ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದ ಈ ಹೆಣ್ಣುಮಕ್ಕಳನ್ನು ಕಚೇರಿಯ ಆಲ್ಫ್ರೆಡ್ ಫ್ರಾಂಕ್‌ಲಂಡ್ ಎಂಬವನು ತಂಡವಾಗಿಸಿದ. 1917ರ ಕ್ರಿಸ್‌ಮಸ್ ದಿನ ಅವರು ಆಡಿದ್ದು ಡೀಪ್‌ಡೇಲಿನಲ್ಲಿ. 10,000 ಜನ ಸೇರಿದರು. ಇನ್ನೊಂದು ಕಾರ್ಖಾನೆಯ ತಂಡವನ್ನು 4–0ರಿಂದ ಸೋಲಿಸಿ, ಗಾಯಗೊಂಡ ಸೈನಿಕರ ಆಸ್ಪತ್ರೆಗೆ 600 ಪೌಂಡು ಎತ್ತಿಕೊಟ್ಟರು. 1920ರಲ್ಲಿ ಫ್ರಾನ್ಸಿನ ಮಹಿಳೆಯರೊಡನೆ ಡೀಪ್‌ಡೇಲಿನಲ್ಲಿ ಆಡಿದಾಗ 25,000 ಜನ. ಅದೇ ವರ್ಷ ಕ್ರಿಸ್‌ಮಸ್ ಮರುದಿನ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ 53,000 ಜನ. ಅವರ ತಾರೆ ಲಿಲಿ ಪಾರ್. ಅವಳು ಪಂದ್ಯದ ಭತ್ಯೆಯ ಜೊತೆ ಸಿಗರೇಟು ಪ್ಯಾಕುಗಳನ್ನೂ ಕೇಳಿ ಪಡೆಯುತ್ತಿದ್ದಳೆಂದು ಹೇಳುತ್ತಾರೆ.

1921ರ ಡಿಸೆಂಬರ್ 5ರಂದು ಫುಟ್‌ಬಾಲ್ ಅಸೋಸಿಯೇಷನ್ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಮಹಿಳೆಯರು ಆಡುವುದನ್ನು ನಿಷೇಧಿಸಿತು. ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂಬುದು ಎಲ್ಲರೂ ಉದ್ಧರಿಸುವ ಕಾರಣ. ಆದರೆ ಆ ನಿರ್ಣಯದಲ್ಲಿ ಇನ್ನೊಂದು ಭಾಗವಿದೆ. ನನ್ನ ಕಣ್ಣು ನಿಂತದ್ದು ಅದರ ಮೇಲೆ. ಗೇಟಿನ ಹಣದಲ್ಲಿ ಬಹುಪಾಲು ಖರ್ಚಿಗೇ ಹೋಗುತ್ತದೆ, ಧರ್ಮಕಾರ್ಯಕ್ಕೆ ಸಾಕಷ್ಟು ತಲುಪುತ್ತಿಲ್ಲ ಎಂಬ ದೂರು. ಕೂಲಿ ತಪ್ಪಿಸಿಕೊಂಡು ಊರೂರು ತಿರುಗಿ ಆಡುವವಳಿಗೆ ರೈಲು ಖರ್ಚು ಕೊಡಬಾರದೆ? 1884ರಲ್ಲಿ ಸುಡೆಲ್‌ನನ್ನು ಕೇಳಿದ ಪ್ರಶ್ನೆಯನ್ನೇ ಅದೇ ಸಂಸ್ಥೆ 37 ವರ್ಷದ ಮೇಲೆ ಅದೇ ಊರಿನ ಹೆಣ್ಣುಮಕ್ಕಳಿಗೆ ಕೇಳಿತ್ತು. ಗಂಡಸರಿಗೆ ಒಂದೂವರೆ ವರ್ಷದಲ್ಲಿ ಉತ್ತರ ಸಿಕ್ಕಿತು. ಇವರಿಗೆ ಸುಮಾರು 50 ವರ್ಷ ಹಿಡಿಯಿತು. ತಂಡ ಮಾತ್ರ ಪ್ರೆಸ್ಟನ್ ಲೇಡೀಸ್ ಎಂಬ ಹೆಸರಿನಲ್ಲಿ, ಸಿಕ್ಕಸಿಕ್ಕ ಬಯಲುಗಳಲ್ಲಿ, 1965ರವರೆಗೂ ಆಡಿತು. ಮೊದಲ ಪಂದ್ಯದ ನೂರನೆಯ ವರ್ಷ, 2017ರಲ್ಲಿ, ಡೀಪ್‌ಡೇಲಿನ ಹೊರಗೋಡೆಯ ಮೇಲೆ ಅವರ ಸ್ಮಾರಕ ಬಂತು. ನಿನ್ನೆಯ ಗದ್ದಲದಲ್ಲಿ ಅದರ ಮುಂದೆಯೇ ಹಾದುಹೋಗಿದ್ದೆವು, ನೋಡಿರಲಿಲ್ಲ. ಇಂದು ಮತ್ತೆ ಅಲ್ಲಿಯವರೆಗೆ ನಡೆದು, ಹೆಸರುಗಳನ್ನು ಒಂದೊಂದಾಗಿ ಓದಿ, ನಿಲ್ದಾಣಕ್ಕೆ ಬಂದೆವು.

ಸಂಜೆಯ ರೈಲು ಸಮಯಕ್ಕೆ ಬಂತು, ಕೂರಲು ಜಾಗವೂ ಸಿಕ್ಕಿತು. ಹಳೆಯ ಚಟದಂತೆ ಕಿಸೆಯ ಪುಸ್ತಕ ತೆಗೆದು ಖರ್ಚು ಬರೆಯಲು ಕುಳಿತೆ: ರೈಲು ಟಿಕೀಟು, ಕೋಣೆಯ ಬಾಡಿಗೆ, ಪಂದ್ಯದ ಟಿಕೀಟು ಎರಡು, ಬಟರ್ ಪೈ ನಾಲ್ಕು. ಪೆನ್ನು ಎತ್ತಿ, ಇದನ್ನೆಲ್ಲ ಪ್ರವಾಸಕ್ಕೆ ಹಾಕಬೇಕೋ ಮನರಂಜನೆಗೆ ಹಾಕಬೇಕೋ ಎಂದು ಯೋಚಿಸುತ್ತಿದ್ದೆ. ಅಳಿಯ ಬಗ್ಗಿ ನೋಡಿ, “ಗಿರಣಿ ಖಾತೆಕ್ಕ ಹಾಕಿಬಿಡ್ರಿ ಮಾವಾರ” ಎಂದ.